ನಾಲ್ಕು ಕೈ, ಒಂದು ಬೋಲ್ಟು

ನಮ್ಮ ಮನೆಯ ಮೋಟಾರ್‌ಸೈಕಲ್ಲಿಗೆ ಒಂದು ಹುಟ್ಟು ಕಾಯಿಲೆ ಇದೆ. ನಮ್ಮದಕ್ಕೆ ಮಾತ್ರವಲ್ಲ, ಆ ಮಾದರಿಯ ಅಷ್ಟಕ್ಕೂ ಇದೆ. ಯಾವ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದರೂ ಅವನು ಸ್ಟ್ಯಾಂಡ್ ಹಾಕುವುದಕ್ಕೂ ಬಿಡದೆ "ಟೈಮಿಂಗ್ ಚೈನಾ?" ಎಂದು ಕೇಳುತ್ತಾನೆ.

ಇಂಜಿನ್ನಿನ ಒಳಗೆ ಒಂದು ಸಣ್ಣ ಚೈನು ಓಡುತ್ತಿರುತ್ತದೆ. ಅದು ಜೋಲು ಬೀಳದ ಹಾಗೆ ಹಿಂದಿನಿಂದ ಒಂದು ಪಟ್ಟಿ ಒತ್ತಿ ಹಿಡಿದಿರಬೇಕು. ಲೋಹದ ಪಟ್ಟಿ, ಮುಖಕ್ಕೆ ರಬ್ಬರಿನ ಹೊದಿಕೆ. ಆ ಪಟ್ಟಿಯನ್ನು ಒತ್ತುವುದಕ್ಕೆಂದು ಗಾಡಿ ಮಾಡಿದವರು ಒಂದು ಸ್ಪ್ರಿಂಗ್ ಇಟ್ಟಿದ್ದರು. ಆ ಸ್ಪ್ರಿಂಗು ನಮ್ಮ ಮನೆಯವರ ಹಾಗೆ. ಮೊದಲ ಎರಡು ವರ್ಷ ಭಾರೀ ಉತ್ಸಾಹ, ಆಮೇಲೆ ಕೂತಲ್ಲೇ ಕೂರುವುದು. ಅದು ಕೂತಾಗ ಚೈನು ಸಡಿಲವಾಗಿ, ಡಬ್ಬಿಯಲ್ಲಿ ಕಾಳು ಹಾಕಿ ಅಲ್ಲಾಡಿಸಿದಂತೆ ಸದ್ದು ಬರುತ್ತದೆ. ಇನ್ನೂ ಸಡಿಲವಾದರೆ ಚೈನು ಚಕ್ರದ ಒಂದು ಹಲ್ಲು ಹಾರುತ್ತದೆ. ಹಾರಿದರೆ ಇಂಜಿನ್ನಿನ ಕಥೆ ಮುಗಿಯಿತು.

ನಮ್ಮ ಬೀದಿಯ ಮೆಕ್ಯಾನಿಕ್ ನಾಳಪ್ಪ ಹೋದ ವರ್ಷ ಆ ಸ್ಪ್ರಿಂಗನ್ನು ಕಿತ್ತೆಸೆದು, ಅದರ ಜಾಗದಲ್ಲಿ ಒಂದು ಬೋಲ್ಟು ಕೂರಿಸಿಕೊಟ್ಟಿದ್ದ. ಅವನ ನಿಜವಾದ ಹೆಸರು ಬೇರೆ. ಯಾರು ಯಾವಾಗ ಹೋದರೂ "ನಾಳೆ ಬನ್ನಿ" ಅನ್ನುವುದರಿಂದ ಬೀದಿಯವರು ಹೊಸ ನಾಮಕರಣ ಮಾಡಿದ್ದಾರೆ. ಬೋಲ್ಟು ಹೊರಗಿನಿಂದಲೇ ಕಾಣುತ್ತದೆ. ಸಡಿಲವಾಗದಿರಲಿ ಎಂದು ಅದರ ಮೇಲೊಂದು ನಟ್ಟು. ಸದ್ದು ಬಂದರೆ ಪಾನಾ ಹಾಕಿ ನಟ್ಟು ಬಿಚ್ಚಿ, ಬೋಲ್ಟನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ನಟ್ಟು ಬಿಗಿಯಬೇಕು. ಮಗುವಿಗೆ ಔಷಧಿ ಕುಡಿಸುವುದಕ್ಕಿಂತ ಸುಲಭ.

ಈಗ ನನ್ನ ಮಗಳ ವಿಷಯ. ಅವಳು ಎಂಟು ತಿಂಗಳಿಂದ ಒಂದು ಚಪ್ಪಲಿ ಅಂಗಡಿಯಲ್ಲಿ ಬೇರೆಯವರ ಪಾದದ ಮುಂದೆ ಮಂಡಿಯೂರಿ ಕೂತಿದ್ದವಳು. ಹೋದ ವಾರ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ ಸಿಗುವ ಹಾಗಾಯಿತು. ಊರಿನ ಸಣ್ಣ ಸಣ್ಣ ಕ್ಲಿನಿಕ್ಕುಗಳಿಂದ ರಕ್ತದ ಸೀಸೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊತ್ತಿಗೆ ಸರಿಯಾಗಿ ತಲುಪಿಸುವ ಕೆಲಸ. ಗಾಡಿ ನಮ್ಮದೇ ಆಗಬೇಕು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಾಡಿಯನ್ನು ತಪಾಸಣೆಗೆ ತರಬೇಕು, ಇಂಜಿನ್ನು ಸರಿಯಿಲ್ಲ ಅಂದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತಾರೆ. ಮುಂದಿನವನ ಹತ್ತಿರ ಹೊಚ್ಚ ಹೊಸ ಸ್ಕೂಟರ್ ಇದೆ ಎಂದು ಅವಳೇ ಹೋಗಿ ನೋಡಿಕೊಂಡು ಬಂದಿದ್ದಳು. ಇವಳು ಚಪ್ಪಲಿ ಅಂಗಡಿಗೆ ರಾಜೀನಾಮೆ ಕೊಟ್ಟಾಗಿತ್ತು. ರಾಜೀನಾಮೆ ಅನ್ನುವುದು ದೊಡ್ಡ ಮಾತು. "ಇನ್ಮೇಲೆ ನಿಮ್ಮ ಕಾಲು ನೀವೇ ಅಳ್ಕೊಳಿ" ಎಂದು ಗಿರಾಕಿಯೊಬ್ಬರಿಗೆ ಹೇಳಿ ಬಂದಿದ್ದಳು. ಆದ್ದರಿಂದ ಅಲ್ಲಿಗೆ ವಾಪಸು ಹೋಗುವ ದಾರಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಬಟ್ಟೆ ನೆನೆಹಾಕುತ್ತಿದ್ದೆ. ಹೊರಗೆ ಮಗಳು ಗಾಡಿ ಸ್ಟಾರ್ಟ್ ಮಾಡಿದಳು. ಹಳೆಯ ಕಾಳಿನ ಸದ್ದು ಇರಲಿಲ್ಲ. ಅದರ ಬದಲು ತೆಳ್ಳಗೆ, ಉದ್ದಕ್ಕೆ, ಕುಂಯ್ ಅನ್ನುವ ಇನ್ನೊಂದು ಸದ್ದು ಬಂತು, ಬಾಗಿಲ ಸಂದಿಗೆ ಸಿಕ್ಕ ನಾಯಿಮರಿಯ ಹಾಗೆ.

"ಆಹಾ, ಬೆಣ್ಣೆ ಇದ್ದ ಹಾಗಿದೆ ಇಂಜಿನ್ನು" ಎಂದರು ನಮ್ಮ ಮನೆಯವರು. ಅವರು ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ನಿನ ಪಕ್ಕ ನಿಂತವರು. ಈಗ ಅವರ ಕಿವಿಗೆ ಬೀಳುವುದು ಗುಡುಗು ಮತ್ತು ಹೊಗಳಿಕೆ, ಎರಡೇ.

"ಬೆಣ್ಣೆಯಂತೆ ಬೆಣ್ಣೆ! ಅಳ್ತಾ ಇದೆ ಅದು" ಎಂದರು ನಮ್ಮ ಅತ್ತೆ, ಒಳಗೆ ಮಂಚದ ಮೇಲಿಂದಲೇ. ಎಂಬತ್ತು ದಾಟಿದರೂ ಅವರ ಕಿವಿ ಚುರುಕು. ಅಡುಗೆಮನೆಯಲ್ಲಿ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೂ ಅವರಿಗೆ ಕೇಳಿಸುತ್ತದೆ.

ಮಗಳು ಇಂಜಿನ್ ಆರಿಸಿ ನನ್ನ ಕಡೆ ನೋಡಿದಳು.

"ಅಮ್ಮಾ, ನಾಳೆ ಎಂಟು ಗಂಟೆ."

"ನಾಳಪ್ಪಂಗೆ ಫೋನ್ ಮಾಡು."

"ಇವತ್ತು ಭಾನುವಾರ. ಅವರು ನಾಳೆ ಅಂತಾರೆ."

"ಕೊಡಿಲ್ಲಿ ಆ ಫೋನು" ಎಂದರು ಅತ್ತೆ. ಅವರು ನಾಳಪ್ಪನ ತಾಯಿಯ ಗೆಳತಿ, ಅವನನ್ನು ಚಡ್ಡಿ ಇಲ್ಲದ ಕಾಲದಿಂದ ನೋಡಿದವರು. ಫೋನಿನಲ್ಲಿ ಆ ಕಾಲದ ಒಂದು ಘಟನೆಯನ್ನು ನೆನಪಿಸಿದರು ಅಷ್ಟೇ. ಅರ್ಧ ಗಂಟೆಯಲ್ಲಿ ನಾಳಪ್ಪ ನಮ್ಮ ಗೇಟಿನಲ್ಲಿ ನಿಂತಿದ್ದ. ಬಲಗೈ ಬ್ಯಾಂಡೇಜಿನಲ್ಲಿ ಕತ್ತಿಗೆ ಜೋತುಬಿದ್ದಿತ್ತು.

"ಅಯ್ಯೋ, ಗಾಡಿಯಿಂದ ಬಿದ್ರಾ ಮಾಮ?" ಎಂದಳು ಮಗಳು.

"ಸ್ಟೂಲಿಂದ. ಬಲ್ಬು ಬದಲಾಯಿಸೋಕೆ ಹೋಗಿ. ನಗಬೇಡ. ಕೆಲಸ ನೀನು ಮಾಡ್ತೀಯ, ನಾನು ಕೂತು ಹೇಳ್ತೀನಿ."

ಅವನಿಗೆ ಕುರ್ಚಿ ಹಾಕಿಕೊಟ್ಟೆ. ಅವನು ಕೂರುವ ಮೊದಲು ಬಗ್ಗಿ ಆ ಬೋಲ್ಟನ್ನು ನೋಡಿದ. ಮತ್ತೆ ಬಗ್ಗಿದ. ಕನ್ನಡಕ ಹಾಕಿಕೊಂಡು ಮೂರನೇ ಸಲ ಬಗ್ಗಿದ.

"ಇದನ್ನ ಯಾರು ಮುಟ್ಟಿದ್ದು?"

ಎಡಗೈ ಬೆರಳಿನಿಂದ ಬೋಲ್ಟಿನ ತಲೆ ತಟ್ಟಿದ.

"ನಾನು ಕೊಡುವಾಗ ಈ ಬೋಲ್ಟು ಒಂದು ಬೆರಳಿನಷ್ಟು ಹೊರಗಿತ್ತು. ಈಗ ತಲೆ ಮಾತ್ರ ಕಾಣ್ತಿದೆ. ಸಡಿಲ ಆಗಿರೋದಲ್ಲ ಅಕ್ಕ ಇದು. ಬಿಗಿ! ಚೈನಿನ ಕುತ್ತಿಗೆ ಹಿಸುಕಿದ ಹಾಗೆ ಬಿಗಿ. ಇದೊಂದು ವರ್ಷದಲ್ಲಿ ಹೆಚ್ಚಂದ್ರೆ ಎರಡು ಸಲ ತಿರುಗಿಸಬೇಕಾಗಿದ್ದದ್ದು."

"ನಾನಂತೂ ಗಾಡಿ ಹತ್ತಿರವೇ ಹೋಗಿಲ್ಲ" ಎಂದರು ನಮ್ಮ ಮನೆಯವರು, ಯಾರೂ ಅವರನ್ನು ಕೇಳದಿದ್ದರೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಆ ಹೆಗಲು ನನಗೆ ಗೊತ್ತಿಲ್ಲವೇ?

"ರೀ" ಎಂದೆ.

"ಒಂದೆರಡು ಸಲ."

"ರೀ."

"ಪ್ರತಿ ಭಾನುವಾರ. ಸ್ವಲ್ಪ. ಮುನ್ನೆಚ್ಚರಿಕೆಗೆ. ನಾಳಪ್ಪನೇ ಹೇಳಿದ್ದಲ್ವಾ, 'ಸಾರ್, ನೀವೊಬ್ಬರೇ ನೋಡ್ಕೊಳಿ, ಹೆಂಗಸರ ಕೈಗೆ ಕೊಡಬೇಡಿ' ಅಂತ!"

ಮಗಳು ಕೈಯಲ್ಲಿದ್ದ ಪಾನಾವನ್ನು ನೆಲಕ್ಕಿಟ್ಟಳು. "ನನಗೂ ಹೇಳಿದ್ರು. 'ನೀನೊಬ್ಳೇ ಮುಟ್ಟಮ್ಮ, ನಿಮ್ಮಪ್ಪಂಗೆ ಕಿವಿ ಕೇಳಿಸಲ್ಲ' ಅಂತ. ನಾನು ತಿಂಗಳಿಗೊಂದು ಸಲ ಮಾಡ್ತಿದ್ದೆ."

ನಾಳಪ್ಪ ತನ್ನ ಬ್ಯಾಂಡೇಜಿನಲ್ಲಿ ಏನೋ ಬರೆದಿದೆ ಎಂಬಂತೆ ಅದನ್ನೇ ನೋಡತೊಡಗಿದ.

"ಹಂಗಾದ್ರೆ ನಾನು ಮಾಡಿದ್ದು ಸೇರಿಸಿದ್ರೆ ಎಷ್ಟಾಯ್ತು?" ಎಂದು ಒಳಗಿನಿಂದ ದನಿ ಬಂತು. ಅತ್ತೆ ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದರು. "ನನ್ನ ಮಗ ತಿರುಗಿಸೋದು ನೋಡಿದ್ದೆ. ಸದ್ದು ನಿಲ್ಲುತ್ತಿತ್ತು. ಮಧ್ಯಾಹ್ನ ಇವನು ತಿರುಗಾಡಿಕೊಂಡು ಬಂದು ಗಾಡಿ ನಿಲ್ಲಿಸೋ ಹೊತ್ತಿಗೇ ನನಗೆ ಕಣ್ಣು ಹತ್ತೋದು. ಡಬಡಬ ಅಂತ ಎಬ್ಬಿಸೋದು. ಸೀಟಿನ ಕೆಳಗೆ ಪಾನಾ ಇತ್ತು. ನನಗೂ ಕೈಯಿದೆ."

"ಅಮ್ಮಾ, ನೀನಾ!" ಎಂದರು ನಮ್ಮ ಮನೆಯವರು.

"ನಾನಲ್ದೆ ನಿಮ್ಮಪ್ಪ ಎದ್ದು ಬಂದು ತಿರುಗಿಸ್ತಾರಾ?"

ಇನ್ನು ಉಳಿದವಳು ನಾನು. ಎಲ್ಲರೂ ನನ್ನತ್ತ ನೋಡುತ್ತಿರಲಿಲ್ಲ, ಅದೇ ಕಷ್ಟವಾಯಿತು. ನನ್ನ ಮೇಲೆ ಯಾರಿಗೂ ಅನುಮಾನವೇ ಇರಲಿಲ್ಲ. ಮಗಳು ಗಾಡಿಯಲ್ಲಿ ಒಬ್ಬಳೇ ಹೊರಡುವ ದಿನಗಳಲ್ಲಿ ನಾನು ಬೆಳಿಗ್ಗೆ ಎದ್ದು, ಅಂಗಳ ಗುಡಿಸುವ ನೆಪದಲ್ಲಿ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕಾಲು ಸುತ್ತು ತಿರುಗಿಸಿ ಬರುತ್ತಿದ್ದೆ. ದಾರಿಯಲ್ಲಿ ಅವಳ ಚೈನು ಹಾರದಿರಲಿ ಎಂದು. "ಅಕ್ಕ, ನಿಮ್ಮ ಮನೇಲಿ ತಲೆ ಇರೋದು ನಿಮಗೊಬ್ರಿಗೇ, ನೀವೇ ನೋಡ್ಕೊಳಿ" ಎಂದು ನಾಳಪ್ಪ ಹೇಳಿದ್ದನ್ನು ನಾನು ನಂಬಿಯೂ ಇದ್ದೆ.

ಹೇಳಿಬಿಟ್ಟೆ.

ಮಗಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು. ನಗು ಸ್ವಲ್ಪ ಕಡಿಮೆ. "ಒಬ್ಬರಾದ್ರೂ ನನ್ನನ್ನ ಕೇಳಬೇಕು ಅಂತ ಅನ್ನಿಸಲಿಲ್ವಾ? ನಾಳೆ ನನ್ನ ಕೆಲಸ ಹೋದ್ರೆ ಮೂರು ಜನಾನೂ ಸರದಿ ಮೇಲೆ ಬಂದು ಚಪ್ಪಲಿ ಅಂಗಡೀಲಿ ಕೂರ್ತೀರಾ?"

ಅತ್ತೆ ನಾಳಪ್ಪನ ಕಡೆ ಕೋಲು ತೋರಿಸಿದರು. "ಇವನ್ನೂ ಸೇರಿಸ್ಕೊ."

ಆಮೇಲೆ ಕೆಲಸ ಶುರುವಾಯಿತು. ನಾಳಪ್ಪ ಹೇಳಿದ, ಮಗಳು ಮಾಡಿದಳು. ಇಂಜಿನ್ನಿನ ತಲೆಯ ಮುಚ್ಚಳ ತೆಗೆದದ್ದಾಯಿತು. ಒಳಗೆ ಹಲ್ಲಿನ ಚಕ್ರ, ಅದರ ಮೇಲೆ ಚೈನು. ಬೆರಳಿನಿಂದ ಒತ್ತಿದರೆ ತಂಬೂರಿಯ ತಂತಿಯಷ್ಟು ಬಿಗಿ. ಇಂಜಿನ್ನಿನ ಗುರುತು ಸರಿಯಾದ ಜಾಗಕ್ಕೆ ಬರುವವರೆಗೆ ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸಬೇಕಿತ್ತು. ಆ ಕೆಲಸಕ್ಕೆ ನಮ್ಮ ಮನೆಯವರನ್ನು ಕೂರಿಸಿದೆವು. "ಸಾಕು!" ಅಂದರೆ ಅವರಿಗೆ ಕೇಳಿಸುತ್ತಿರಲಿಲ್ಲ, ಗುರುತು ದಾಟಿ ಹೋಗುತ್ತಿತ್ತು. ಮೂರು ಸಲ ಹಾಗಾದ ಮೇಲೆ ಅತ್ತೆ ಕುರ್ಚಿ ಎಳೆದುಕೊಂಡು ಮಗನ ಹಿಂದೆ ಕೂತರು. ಮಗಳು ಕೈ ಎತ್ತಿದ ತಕ್ಷಣ ಅತ್ತೆಯ ಕೋಲು ಮಗನ ಹೆಗಲಿಗೆ ಬೀಳುತ್ತಿತ್ತು. ಗುರುತು ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು.

"ಇನ್ನೂ ಸ್ವಲ್ಪ ಮೆಲ್ಲಗೆ ಹೊಡಿಯಮ್ಮಾ."

"ಐವತ್ತೈದು ವರ್ಷದಿಂದ ಮೆಲ್ಲಗೇ ಹೊಡ್ದು ಈ ಸ್ಥಿತಿಗೆ ಬಂದಿದ್ದೀಯ."

ಹಲ್ಲಿನ ಚಕ್ರ ಮತ್ತು ಚೈನು ಎಲ್ಲಿ ಸೇರುತ್ತವೋ ಅಲ್ಲಿ ಮಗಳು ತನ್ನ ಉಗುರು ಬಣ್ಣದಿಂದ ಎರಡು ಚುಕ್ಕೆ ಇಟ್ಟಳು, ಜೋಡಿಸುವಾಗ ತಪ್ಪದಿರಲಿ ಎಂದು. ಆ ಹಲ್ಲಿನ ಚಕ್ರ ಬಿಚ್ಚಿ, ಚೈನು ಒಳಗೆ ಬಿದ್ದುಹೋಗದ ಹಾಗೆ ತಂತಿಯಲ್ಲಿ ಕಟ್ಟಿ, ಹೊರಗಿನಿಂದ ಪಟ್ಟಿಯ ಬುಡ ಹಿಡಿದಿದ್ದ ಇನ್ನೊಂದು ಬೋಲ್ಟು ಕಳಚಿದಳು. ಸಂದಿ ಕಿರಿದು. ಪಟ್ಟಿಯನ್ನು ಮೇಲಕ್ಕೆತ್ತುವುದಕ್ಕೆ ಅವಳ ಬೆರಳು ಮುಟ್ಟಲಿಲ್ಲ. ನಾನು ಒಲೆಯ ಇಕ್ಕಳ ತಂದುಕೊಟ್ಟೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆದಳು.

ಪಟ್ಟಿ ಹೊರಗೆ ಬಂದಾಗ ನಾಳಪ್ಪ ಬಾಯಲ್ಲಿ ಚ್ ಅಂದ. ರಬ್ಬರಿನ ಮೇಲೆ ಚೈನು ಎರಡು ಆಳವಾದ ಗೆರೆ ಕೊರೆದಿತ್ತು. ತುದಿಯಲ್ಲಿ ರಬ್ಬರೇ ಇರಲಿಲ್ಲ, ಕಿತ್ತುಹೋಗಿ ಬರೀ ಲೋಹ ಕಾಣುತ್ತಿತ್ತು. ಸಡಿಲವಾಗಬಾರದು ಎಂದು ನಾವು ನಾಲ್ವರು ಪ್ರೀತಿಯಿಂದ ಬಿಗಿದು ಬಿಗಿದು ಅದನ್ನು ಚೈನಿಗೆ ತಿನ್ನಿಸಿದ್ದೆವು.

"ಹೊಸ ಪಟ್ಟಿ ನನ್ನ ಜೇಬಲ್ಲೇ ಇದೆ. ಈ ಗಾಡಿಗಳಿರೋ ಬೀದೀಲಿ ಅದಿಲ್ದೆ ನಾನು ಓಡಾಡಲ್ಲ" ಎಂದ ನಾಳಪ್ಪ. "ಅದಲ್ಲ ಚಿಂತೆ. ಕಿತ್ತುಹೋದ ರಬ್ಬರು ಎಲ್ಲಿ? ಎಲ್ಲಾ ಚೂರೂ ಸಿಗಬೇಕು. ಒಂದು ಚೂರು ಆಯಿಲ್ ಹೋಗೋ ದಾರೀಲಿ ಕೂತ್ರೆ ನಾಳೆ ಲ್ಯಾಬಿನ ಗೇಟಲ್ಲೇ ಇಂಜಿನ್ನು ಹಿಡ್ಕೊಂಡು ನಿಂತುಬಿಡುತ್ತೆ."

ನಾನು ಬಟ್ಟೆಗಳನ್ನು ಬಕೆಟ್ಟಿಗೆ ಎತ್ತಿಹಾಕಿ, ನೆನೆಸುವ ಬೇಸಿನ್ನನ್ನು ಒರೆಸಿ ಇಂಜಿನ್ನಿನ ಕೆಳಗಿಟ್ಟೆ. ಆಯಿಲು ಸುರಿಯಿತು, ಕಾಡಿಗೆಯಷ್ಟು ಕಪ್ಪು. ಆಯಿಲು ಸೋಸುವ ಜಾಲರಿ ಬಿಚ್ಚಿದಾಗ ಅದರಲ್ಲಿ ಎರಡು ಚೂರು ಸಿಕ್ಕವು. ಹಳೆಯ ಪೇಪರಿನ ಮೇಲೆ ಪಟ್ಟಿಯನ್ನಿಟ್ಟು, ಆ ಎರಡು ಚೂರನ್ನು ಅದರ ಪಕ್ಕ ಜೋಡಿಸಿದೆ. ಒಡೆದ ಬಟ್ಟಲು ಜೋಡಿಸಿ ಅತ್ತೆಗೆ ಕಾಣದಂತೆ ಇಟ್ಟು ನನಗೆ ಅಭ್ಯಾಸವಿದೆ. ಒಂದು ಮೂಲೆ ಖಾಲಿ ಉಳಿಯಿತು. ಹೆಬ್ಬೆರಳ ಉಗುರಿನಷ್ಟು.

"ಅಷ್ಟು ಚಿಕ್ಕದು ಏನು ಮಾಡುತ್ತೆ ಬಿಡು" ಎಂದರು ನಮ್ಮ ಮನೆಯವರು.

"ಅಪ್ಪಾ, ನೀನು ಹೆಗಲು ಹಿಡ್ಕೊಂಡು ಕೂತಿರು."

ಮಗಳೂ ನಾಳಪ್ಪನೂ ಟಾರ್ಚ್ ಹಾಕಿ ಸಂದಿಯೆಲ್ಲ ನೋಡಿದರು. ಇಲ್ಲ. ಮಗಳು ಗೋಡೆಗೆ ಒರಗಿ ಕೂತುಬಿಟ್ಟಳು. ಮೊಣಕೈವರೆಗೂ ಗ್ರೀಸು, ಕೆನ್ನೆ ಮೇಲೂ ಗ್ರೀಸು. ಐದು ವರ್ಷದವಳಿದ್ದಾಗ ಮುಖ ತುಂಬಾ ಮಸಿ ಬಳಿದುಕೊಂಡು ಹೀಗೇ ಕೂರುತ್ತಿದ್ದಳು. ಆಗ ಸೆರಗಿನಲ್ಲಿ ಒರೆಸಿದರೆ ಮುಗಿಯುತ್ತಿತ್ತು.

ನಾನು ತೋಳು ಮೇಲೆ ಮಾಡಿ ಬೇಸಿನ್ನಿನೊಳಗೆ ಎರಡೂ ಕೈ ಹಾಕಿದೆ. ಆಯಿಲು ಇನ್ನೂ ಬೆಚ್ಚಗಿತ್ತು. ಏನೂ ಕಾಣುವಂತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಮಾತಾಡುತ್ತಲೇ ಅಕ್ಕಿಯಲ್ಲಿ ಕಲ್ಲು ಹುಡುಕುವ ಬೆರಳುಗಳಿವು. ತಳವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸವರುತ್ತಾ ಬಂದೆ. ಒಂದು ಸುತ್ತು, ಎರಡು ಸುತ್ತು. ಯಾರೂ ಉಸಿರಾಡುತ್ತಿರಲಿಲ್ಲ, ನಾಳಪ್ಪ ಬಿಟ್ಟು. ಅವನಿಗೆ ನೆಗಡಿ. ಮೂರನೇ ಸುತ್ತಿನಲ್ಲಿ ಕಿರುಬೆರಳಿಗೆ ಮೆತ್ತಗೆ ಏನೋ ತಗುಲಿತು.

ಪೇಪರಿನ ಮೇಲೆ ಇಟ್ಟೆ. ಮೂಲೆಗೆ ಸರಿಯಾಗಿ ಕೂತಿತು.

ಅತ್ತೆ ಬಗ್ಗಿ ನೋಡಿ, "ಪರವಾಗಿಲ್ಲ, ನನ್ನ ಸೊಸೆ ಕೈಗೆ ಕಣ್ಣಿದೆ" ಎಂದರು. ಇಪ್ಪತ್ತಾರು ವರ್ಷದಲ್ಲಿ ಇದು ಎರಡನೇ ಹೊಗಳಿಕೆ. ಮೊದಲನೆಯದು ನೆನಪಿಲ್ಲ, ಇರಬಹುದು ಎಂಬ ನಂಬಿಕೆ.

ಹೊಸ ಪಟ್ಟಿ ಒಳಗೆ ಹೋಯಿತು. ಚುಕ್ಕೆಗೆ ಚುಕ್ಕೆ ಕೂಡಿಸಿ ಚೈನು ಏರಿಸಿದಳು. ಕೊನೆಗೆ ಬೋಲ್ಟು.

"ಪಾನಾ ಕೆಳಗಿಡು. ಬೆರಳಲ್ಲಿ ತಿರುಗಿಸು. ಪಟ್ಟಿಗೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತೆ. ಗೊತ್ತಾಯ್ತಾ? ನಿಲ್ಲಿಸು. ಈಗ ಒಂದು ಚೂರು ಹಿಂದಕ್ಕೆ. ನಟ್ಟು ಬಿಗಿ. ಮುಗೀತು."

ಹೊಸ ಆಯಿಲು ಹಾಕಿ ಸ್ಟಾರ್ಟ್ ಮಾಡಿದಾಗ ಕುಂಯ್ ಹೋಗಿತ್ತು. ಆದರೆ ಟಿಕ್ ಟಿಕ್ ಎಂದು ಒಂದು ಸಣ್ಣ ಸದ್ದು ಉಳಿದಿತ್ತು.

"ಸದ್ದಿದೆಯಲ್ಲಪ್ಪ" ಎಂದರು ಅತ್ತೆ.

"ಇರ್ಬೇಕಮ್ಮ. ಜೀವ ಇರೋದು ಸದ್ದು ಮಾಡುತ್ತೆ. ಬಿಸಿಯಾದಾಗ ಚೈನಿಗೆ ಸ್ವಲ್ಪ ಜಾಗ ಬೇಕು."

"ನಾಳೆ ತಪಾಸಣೆ ಮಾಡೋರಿಗೆ ಈ ಸದ್ದು ಕೇಳಿಸಿದ್ರೆ?" ಎಂದೆ. "ಇವತ್ತೊಂದು ದಿನಕ್ಕೆ ಒಂಚೂರು..."

ಮಗಳು ಪಾನಾವನ್ನು ತನ್ನ ಜೇಬಿಗೆ ಹಾಕಿಕೊಂಡಳು. ಆ ರಾತ್ರಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗಿದಳು.

ಬೆಳಿಗ್ಗೆ ಅವಳ ಹಿಂದೆ ನಾನೂ ಹೊರಟೆ. "ಸ್ಕೂಲಿಗೆ ಬಿಡೋಕೆ ಬರ್ತಿದೀಯಾ?" ಎಂದಳು. ಆದರೂ ಬೇಡ ಅನ್ನಲಿಲ್ಲ. ಲ್ಯಾಬಿನ ಹಿಂದೆ ಒಂದು ಸಿಮೆಂಟಿನ ಅಂಗಳ. ಗಾಡಿ ನೋಡುವವನು ಒಬ್ಬ ದಪ್ಪ ಮೀಸೆಯವನು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ಬ್ರೇಕು ನೋಡಿದ, ಟಯರು ಒದ್ದ, ಲೈಟು ನೋಡಿದ. ಇಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಯಿಟ್ಟ.

"ಟೈಮಿಂಗ್ ಚೈನು" ಎಂದ. "ಈ ಮಾದರಿ ಅಂದ್ರೆ ಅದೇ ಗೋಳು. ಸದ್ದಿದೆ. ಬೇಡಮ್ಮ, ದಾರೀಲಿ ನಿಂತ್ರೆ ಸೀಸೆ ಎಲ್ಲಾ ಹಾಳು."

ಅವನ ಪೆನ್ನು ಹಾಳೆಯ ಕಡೆ ಹೋಯಿತು. ನನಗೆ ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನಿನ್ನೆ ಒಂದೇ ಒಂದು ಕಾಲು ಸುತ್ತು ತಿರುಗಿಸಿದ್ದರೆ ಈ ಸದ್ದಿರುತ್ತಿರಲಿಲ್ಲ.

"ಸಾರ್, ಒಂದು ನಿಮಿಷ" ಎಂದಳು ಮಗಳು. "ಸದ್ದೇ ಇಲ್ದೇ ಇದ್ದಾಗ ಬಂದಿದ್ರೆ ನೀವು ಪಾಸ್ ಮಾಡ್ತಿದ್ರಿ. ಆದ್ರೆ ಅವತ್ತು ಇದು ಸಾಯ್ತಾ ಇತ್ತು. ನಮ್ಮನೇಲಿ ನಾಲ್ಕು ಜನ, ನಾಲ್ಕೂ ಜನ ಕದ್ದು ಕದ್ದು ಬೋಲ್ಟು ಬಿಗಿದಿದ್ವಿ. ನಮ್ಮಜ್ಜೀನೂ ಸೇರಿ. ಪಟ್ಟಿ ಪೂರ್ತಿ ತಿಂದುಹೋಗಿತ್ತು. ನಿನ್ನೆ ನಾನೇ ಬಿಚ್ಚಿ ಹೊಸದು ಹಾಕಿದೀನಿ."

"ನೀನು ಬಿಚ್ಚಿದ್ದಾ?" ಪೆನ್ನು ನಿಂತಿತು.

"ಈಗ ಬೇಕಾದ್ರೆ ನಿಮ್ಮೆದುರೇ ಸೆಟ್ ಮಾಡ್ತೀನಿ."

ಮೀಸೆಯವನು ಕೈಗಡಿಯಾರ ನೋಡಿದ. "ಮಾಡು. ಆಮೇಲೂ ಸದ್ದು ಇಷ್ಟೇ ಇರ್ಬೇಕು. ಜಾಸ್ತಿಯಾದ್ರೂ ಮನೆಗೆ, ಕಡಿಮೆಯಾದ್ರೂ ಮನೆಗೆ."

ಅವಳು ಹಿಂದಿನ ಚಕ್ರ ತಿರುಗಿಸಿ ಗುರುತಿಗೆ ತಂದಳು. ನಟ್ಟು ಸಡಿಲಿಸಿದಳು, ಬೋಲ್ಟನ್ನು ನಾಲ್ಕು ಸುತ್ತು ಹೊರಗೆಳೆದಳು. ಆಮೇಲೆ ಪಾನಾ ಬಿಟ್ಟು, ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಒಳಗೆ ತಿರುಗಿಸುತ್ತಾ ಹೋದಳು. ಒಂದು ಕಡೆ ನಿಂತಳು. ಚೂರು ಹಿಂದೆ ಬಂದಳು. ನಟ್ಟು ಬಿಗಿದಳು. ಸ್ಟಾರ್ಟ್ ಮಾಡಿದಳು.

ಟಿಕ್ ಟಿಕ್. ಕೂದಲಷ್ಟೂ ವ್ಯತ್ಯಾಸವಿಲ್ಲ.

ಮೀಸೆಯವನು ಹಾಳೆಯ ಮೇಲೆ ಏನೋ ಗೀಚಿದ. "ನನ್ನ ಗಾಡಿನೂ ಇದೇ ಮಾದರಿ" ಎಂದ, ದನಿ ತಗ್ಗಿಸಿ. "ಸಾಯಂಕಾಲ ಒಂಚೂರು ನೋಡ್ತೀಯಾ?" ಉತ್ತರಕ್ಕೆ ಕಾಯದೆ ಒಳಗೆ ಹೋಗಿ ನೀಲಿ ಬಣ್ಣದ ದೊಡ್ಡ ಪೆಟ್ಟಿಗೆಯೊಂದನ್ನು ತಂದು, ನಾನು ಕೂತು ಬಂದಿದ್ದ ಸೀಟಿನ ಮೇಲಿಟ್ಟು ಪಟ್ಟೆಯಿಂದ ಬಿಗಿಯತೊಡಗಿದ. "ಏಳು ಕ್ಲಿನಿಕ್ಕು. ಹತ್ತೂವರೆಗೆ ವಾಪಸ್ ಇರ್ಬೇಕು. ಹೊರಡು."

"ಈಗಲೇನಾ?" ಎಂದಳು ಮಗಳು.

"ಮತ್ತೆ ನಾಳೆನಾ?"

ಅವಳು ನನ್ನ ಕಡೆ ತಿರುಗಿದಳು. ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. "ಅಮ್ಮಾ, ನೀನು ಬಸ್ಸಲ್ಲಿ..."

"ಹೋಗು ಹೋಗು. ನನಗೇನು ಬಸ್ಸು ಹೊಸದಾ?"

ಗೇಟಿನಿಂದ ಹೊರಗೆ ತಿರುಗುವಾಗ ಕೈ ಬೀಸಲಿಲ್ಲ. ಎರಡೂ ಕೈ ಹ್ಯಾಂಡಲ್ ಮೇಲಿದ್ದವು, ಹಾಗೇ ಇರಬೇಕು.

ನಾನು ಬಸ್ ಸ್ಟಾಪಿನಲ್ಲಿ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿರುವುದು ಗೊತ್ತಾಯಿತು. ತಲೆ ಮುಟ್ಟಿ ನೋಡಿಕೊಂಡೆ. ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು.

"ಗಾಡಿ ಎಲ್ಲಮ್ಮಾ?" ಎಂದು ಕೇಳಿದರು.

"ಕೆಲಸಕ್ಕೆ ಹೋಯ್ತು" ಎಂದೆ.